ಪಾಟಿ ಮುಂದ ಗಂಡನ ಹೆಸರು

ಪಂಢರಿನಾಥರಾಯರದು ಒಂದ ತಕರಾರು: ಮನ್ಯಾಗ ಅವರನ್ನ ಯಾರೂ ಏನೂ ಕೇಳಂಗಿಲ್ಲ. ಸೋಲಾಪುರದ ಪಾಟಬಂಧಾರೆ, ಅಂದ್ರ ನೀರಾವರಿ, ಆಫೀಸಿನ್ಯಾಗ ಹೆಡ್ ಕ್ಲಾರ್ಕ್ ಇದ್ದಾಗ ಇವರ ಸಹಿ ಬೀಳದ ಜಿಲ್ಲಾದಾಗ ಒಂದು ಕಾಲುವಿ ಸುದ್ದಾ ಹರೀತಿದ್ದಿಲ್ಲಂತ. (ಹಂಗಂತ ಅವರ ಹೇಳೂದು. ಕಾಲುವಿನ್ನ ಕೇಳಿದವರು ಯಾರೂ ಇಲ್ಲ.) ಈಗ ನೋಡಿದ್ರ ಸ್ವಂತ ಮನಿ ನಳಾ ಯಾವಾಗ ಬರ್ತದ ಅನ್ನೂದೂ ಅವರಿಗೆ ಗೊತ್ತಾಗಂಗಿಲ್ಲ. ಹೆಂಡತಿ ವೇಣೂಬಾಯಿ ಸುಮ್ಮನ ತಾವ ತುಂಬಕೊಂಡು ಬಿಡ್ತಾರ. ಮಗ ಕೌಶಿಕ ಚಿಂಚೋಳಿ ಎಂಐಡಿಸಿ ಒಳಗ ಒಂದು ಗೋದಾಮಿನ ಕಾರಭಾರ ನೋಡ್ತಾನ. ಮುಂಜಾನೆ ಡಬ್ಬಿ ಕಟಗೊಂಡು ಹೋದಾವ ಬರೂದು ದೀಪಾ ಹಚ್ಚೂ ಹೊತ್ತಿಗೆ. ಹಿಂಗಾಗಿ ರಾಯರ ಆಸೆ ಎಲ್ಲಾ ಸೊಸಿ ಮ್ಯಾಲೆ ನೆಟ್ಟಿತ್ತು.

ಸೊಸಿ ಶ್ರೀಲೇಖಾ ಅಕ್ಕಲಕೋಟದ ಹುಡುಗಿ. ನೌಕರಿ ಪುಣೆದ ಕಂಪನಿಯೊಳಗ, ಕೆಲಸಾ ಮಾತ್ರ ಸೋಲಾಪುರದ ಮನ್ಯಾಗ ಕೂತು. ಅಂಗೈಯಷ್ಟು ಹಸರು ಬೋರ್ಡಿನ ಮ್ಯಾಲೆ ಒಂದು ಸಣ್ಣ ಕಂಪ್ಯೂಟರ್ ಇರ್ತದಂತ. ಅದಕ್ಕ ಬುದ್ಧಿ ಕಲಸೂದು ಅಕಿ ಕೆಲಸಾ. ಬುದ್ಧಿ ಕಲತ ಬೋರ್ಡು ಮುಂದ ದಾಳಿಂಬಿ ಇಡೂ ಥಂಡಿ ಗೋದಾಮಿಗೆ ಹೋಗಿ ಕೂತು, ಒಳಗ ಥಂಡಿ ಎಷ್ಟದ, ಬಾಗಲಾ ಯಾರು ತಗದು ಬಿಟ್ಟಾರ ಅಂತ ಪುಣೆಗೆ ಚಾಡಿ ಹೇಳ್ತದ. ವೇಣೂಬಾಯಿ ಅದಕ್ಕ ‘ಹಸರ ಪಾಟಿ’ ಅಂತ ಹೆಸರಿಟ್ಟಿದ್ರು. ಸಾಲಿಗೆ ಹೋಗೂ ಹುಡುಗರು ಪಾಟಿ ಹಿಡಕೊಂಡು ಕೂತ್ಹಂಗ ಸೊಸಿ ಇಡೀ ದಿನಾ ಅದನ್ನ ಹಿಡಕೊಂಡು ಕೂಡ್ತಿದ್ಲು.

ರಾಯರು ದಿನಾ ಒಮ್ಮೆ ಅಕಿ ಖೋಲಿ ಬಾಗಲಕ್ಕ ಬಂದು ನಿಲ್ಲವ್ರು. "ಶ್ರೀಲೇಖಾ, ಏನರೆ ಕೆಲಸಾ ಇದ್ರ ಹೇಳವಾ. ನಾ ಖಾಲೀನ ಇದ್ದೀನಿ."

"ಕಾಹೀ ನಾಹೀ, ಏನಿಲ್ಲ ಮಾಮಾ. ನೀವು ಆರಾಮ ಕೂಡ್ರಿ."

ನಿವೃತ್ತಿ ಆದ ಗಂಡಸಿಗೆ ‘ಆರಾಮ ಕೂಡ್ರಿ’ ಅನ್ನೂದಕ್ಕಿಂತ ದೊಡ್ಡ ಬೈಗಳಾ ಇಲ್ಲ ನೋಡ್ರಿ. ಹುಡುಗಿ ಸ್ವಭಾವ ಬಂಗಾರದಂಥಾದ್ದು, ಮನಸಿನ್ಯಾಗ ಏನೂ ಇಟಗೊಂಡು ಅಂದದ್ದಲ್ಲ. ಆದ್ರೂ ರಾಯರು ಮತ್ತ ಹೋಗಿ ಜೋಕಾಲಿ ಮ್ಯಾಲೆ ಕೂತು ಕೊಂಡಿ ಕಿರ್ರ್ ಅನಸ್ತಿದ್ರು. ಒಂದ ಒಂದು ಸಲ ಅಕಿ ‘ಮಾಮಾ, ಇದು ನಿಮ್ಮ ಕಡಿಂದನ ಆಗಬೇಕು’ ಅಂದ್ರ ಸಾಕಿತ್ತು ಅವರಿಗೆ.

ಅಂಥಾ ದಿನಾ ಬಂತು. ಅಕ್ಕಲಕೋಟದಾಗ ಶ್ರೀಲೇಖಾನ ಬಸರಿ ತಂಗಿ ಕುಬಸ. ಅಕಿ ಮುಂಜಾನಿ ಬಸ್ಸಿಗೇ ಹೋದ್ಲು. ಟೇಬಲ್ ಮ್ಯಾಲೆ ಹೊಸಾ ಬೋರ್ಡು ತಯಾರಾಗಿ ಕೂತಿತ್ತು, ಲ್ಯಾಪ್‌ಟಾಪಿಗೂ ಅದಕ್ಕೂ ನಡುವ ಮಾತು ಕೂಡಸೂ ಒಂದು ಕೇಬಲ್ ಬರೂದಿತ್ತು. ಅದು ನಾಳೆ ಬರ್ತದ, ನಾಳೆ ಮೊದಲನೇ ಸಲ ಕರಂಟ್ ಕೊಡೋಣ ಅಂತ ಅಕಿ ನೆಮ್ಮದಿಲೇ ಹೋಗಿದ್ಲು. ಅಕಿ ಅಕ್ಕಲಕೋಟ ಬಸ್ ಸ್ಟ್ಯಾಂಡ್ ಮುಟ್ಟೂದ್ರಾಗ ಕೊರಿಯರ್‌ನವ ಬಂದು ಆ ಕೇಬಲ್ ರಾಯರ ಕೈಯಾಗ ಕೊಟ್ಟು ಹೋದ. ಅದರ ಹಿಂದ ಶ್ರೀಲೇಖಾನ ಫೋನು, ದನಿ ಅಳೂ ಹಂಗ.

"ಮಾಮಾ, ಘೋಟಾಳಾ ಆಗ್ಯದ. ಪುಣೆ ಸಾಹೇಬ್ರು ಇವತ್ತ ಮಧ್ಯಾಹ್ನಕ್ಕ ಬೋರ್ಡು ಚಾಲೂ ಇರಬೇಕು ಅಂತಾರ. ಅಲ್ಲಿಂದನ ಅದರೊಳಗ ಹೊಕ್ಕು ನೋಡವರಂತ. ಇಲ್ಲಂದ್ರ ಈ ಕೆಲಸಾ ಬ್ಯಾರೆಯವರಿಗೆ ಕೊಡ್ತಾರ. ನನಗ ಒಬ್ಬಾಕಿಗೇ ಅಂತ ಕೊಟ್ಟ ಮೊದಲನೇ ಬೋರ್ಡದು. ನಾ ಈಗ ಅಕ್ಕಲಕೋಟ ಸ್ಟ್ಯಾಂಡಿನ್ಯಾಗ ಇದ್ದೀನಿ, ಹಂಗ ತಿರಗಿ ಬಸ್ ಹತ್ತತೀನಿ."

"ಏ ಹುಚ್ಚಿ! ತಂಗಿಗೆ ಉಡಿ ತುಂಬದ ತಿರಗಿ ಬರ್ತೀಯೇನು? ನಾ ಇಲ್ಲಿ ಯಾಕ ಕೂತೀನಿ? ನೀ ಕುಬಸಕ್ಕ ಹೋಗು. ಏನು ಮಾಡಬೇಕು ಫೋನಿನ್ಯಾಗ ಹೇಳು, ನಾ ಮಾಡ್ತೀನಿ."

"ನಿಮಗ… ಆಗ್ತದೇನ್ರಿ ಮಾಮಾ?"

"ಇಡೀ ಜಿಲ್ಲಾಕ ನೀರು ಬಿಟ್ಟಾವ ನಾ. ಇಷ್ಟಕಿಷ್ಟು ಪಾಟಿಗೆ ಕರಂಟ್ ಬಿಡಾಕ ಆಗಂಗಿಲ್ಲೇನು?"

ಅಡಗಿ ಮನಿಂದ ವೇಣೂಬಾಯಿ ದನಿ ಬಂತು. "ಮಿಕ್ಸರ್ ದುರಸ್ತಿ ಮಾಡ್ತೀನಂತ ಬಿಚ್ಚಿದ್ದು ಇನ್ನೂ ಅರಿಬೀ ಗಂಟಿನ್ಯಾಗ ಅದ ಅಂತ ಅಕಿಗೆ ಹೇಳ್ರಿ."

"ಅದು ಮಿಕ್ಸರಿನ ದೋಷ," ಅಂದ್ರು ರಾಯರು. ಅಂದವರು ಹೊಸಾ ಧೋತ್ರದ ಕಾಸಿ ಬಿಗಿ ಮಾಡಿ, ಕಣ್ಣಿನ ಚಾಳೀಸು ಒರಸಿ, ರಣರಂಗಕ್ಕ ಇಳದ್ರು. ಫೋನು ಸ್ಪೀಕರಿಗೆ ಹಾಕಿ ಹಿಡಕೊಂಡು ನಿಲ್ಲಾಕ ಒಬ್ಬರು ಬೇಕಲ್ಲ? ವೇಣೂಬಾಯಿ ಸೆರಗಿಗೆ ಕೈ ಒರಸಕೋತ ಬಂದ್ರು. ಸೊಸಿ ಮುಟ್ಟಿದ ಅಕ್ಕಲಕೋಟದ ತವರಮನಿ ಹಳೇ ವಾಡೆ, ಗ್ವಾಡಿ ದಪ್ಪ, ಮಾರಿ ಕಾಣೂ ಫೋನು ಹತ್ತಂಗಿಲ್ಲ. ಎಲ್ಲಾ ಬಾಯಿಮಾತಿನ್ಯಾಗನ ನಡೀಬೇಕಿತ್ತು.

ಕೇಬಲಿನ ಒಂದು ತುದಿ ಲ್ಯಾಪ್‌ಟಾಪಿಗೆ ಚುಚ್ಚಿದ್ದಾತು. ಇನ್ನೊಂದು ತುದಿಗೆ ನಾಕು ವಾಯರು: ಕರೇದು, ಹಸರು, ಬಿಳೇದು, ಕೆಂಪು. ಬೋರ್ಡಿನ ಅಂಚಿಗೆ ಸೂಜಿಯಂಥಾ ಪಿನ್ನು, ಪಿನ್ನಿನ ಬುಡಕ ಇರವಿ ಕಾಲಿನಷ್ಟು ಸಣ್ಣ ಅಕ್ಷರ.

"ಕೆಂಪು ವಾಯರ್ ಮುಟ್ಟಲೇ ಬ್ಯಾಡ್ರಿ ಮಾಮಾ. ಅದು ತಪ್ಪಿ ಹತ್ತಿದ್ರ ಬೋರ್ಡು ಸುಟ್ಟು ಹೋಗ್ತದ."

ರಾಯರು ಕೆಂಪು ವಾಯರಿನ ತುದಿಗೆ ಟೇಪು ಸುತ್ತಿದ್ರು. ಸುತ್ತಿದ್ರು, ಸುತ್ತಿದ್ರು, ಬೆರಳಿಗೆ ಪೆಟ್ಟಾದವರ ಪಟ್ಟಿ ಹಂಗ ಅದು ದಪ್ಪಾಗೂತನಾ ಸುತ್ತಿದ್ರು.

"ಈಗ ಕರೀ ವಾಯರ್. ಬೋರ್ಡಿನ ಮ್ಯಾಲೆ ಜಿ, ಎನ್, ಡಿ ಅಂತ ಎಲ್ಲಿ ಬರದದ ನೋಡ್ರಿ."

ರಾಯರ ಕಣ್ಣಿಗೆ ಅದು ನಿಲುಕಲಿಲ್ಲ. ವೇಣೂಬಾಯಿ ಬಗ್ಗಿ ನೋಡಿದ್ರು. "ಜಿ… ಎನ್… ಡಿ… ಅಯ್ಯ, ಇಲ್ಲಿ ‘ಗಂಡ’ ಅಂತ ಬರದಾರಲ್ಲರೀ!"

"ಗಂಡ ಅಲ್ಲ ಲೇ, ಗ್ರೌಂಡ್!"

"ಗಂಡನ ಅದ. ನಮ್ಮ ಭಜನಿ ಮಂಡಳದವರು ವಾಟ್ಸಾಪಿನ್ಯಾಗ ಹಿಂಗ ಬರೀತಾರ."

ಶ್ರೀಲೇಖಾಗ ಆ ಗಡಿಬಿಡ್ಯಾಗೂ ನಗು ಬಂತು. "ಇರಲಿ ಅತ್ತಿ, ಗಂಡ ಅಂತನ ಅನ್ರಿ. ಅದನ್ನ ಎಲ್ಲಾಕಿಂತ ಮೊದಲ ಹಚ್ಚಬೇಕು. ಅದು ಹತ್ತಲಿಲ್ಲ ಅಂದ್ರ ಯಾರ ಮಾತು ಯಾರಿಗೂ ತಿಳಿಯಂಗಿಲ್ಲ."

ರಾಯರ ಎದಿ ಉಬ್ಬಿತು. "ಕೇಳಿದೇನು? ಎಲ್ಲಾಕಿಂತ ಮೊದಲ ಗಂಡ!"

"ಅದರಾಗ ಕರಂಟ್ ಎಷ್ಟಿರ್ತದ ಶ್ರೀಲೇಖಾ?" ಅಂತ ವೇಣೂಬಾಯಿ ಕೇಳಿದ್ರು.

"ಏನೂ ಇರಂಗಿಲ್ಲ ಅತ್ತಿ. ಅದು ಸೊನ್ನಿ."

"ಹಂಗಂದ್ರ ಬರೋಬ್ಬರಿ ಬರದಾರ," ಅಂದ್ರು ವೇಣೂಬಾಯಿ.

ರಾಯರು ಕೇಳದಾವರಂಗ ಕರೀ ವಾಯರ್ ಹಚ್ಚಿದ್ರು. ಇನ್ನ ಉಳದದ್ದು ಹಸರು, ಬಿಳೇದು. ಹಸರು ಅಂದ್ರ ಟಿಎಕ್ಸ್, ಬಿಳೇದು ಅಂದ್ರ ಆರ್‌ಎಕ್ಸ್ ಅಂತ ಸೊಸಿ ಹೇಳಿದ್ಲು. ಮುಂದಿಂದು ಹೇಳೂದ್ರಾಗ ರಾಯರು, "ತಿಳೀತು, ತಿಳೀತು, ಇನ್ನ ಹೇಳೂದ ಬ್ಯಾಡಾ!" ಅಂದು ಕೆಲಸಾ ಮುಗಿಸಿ ಬಿಟ್ಟಿದ್ರು. ಬೋರ್ಡಿನ ಮ್ಯಾಲೂ ಟಿಎಕ್ಸ್ ಅಂತದ, ಆರ್‌ಎಕ್ಸ್ ಅಂತದ. ಜನ್ಮಾ ಎಲ್ಲಾ ಆಫೀಸಿನ್ಯಾಗ ಹೆಸರಿಗೆ ಹೆಸರು ತಾಳಾ ನೋಡಿದ ಕೈ ಅದು. ಟಿಎಕ್ಸಿಗೆ ಟಿಎಕ್ಸ್, ಆರ್‌ಎಕ್ಸಿಗೆ ಆರ್‌ಎಕ್ಸ್. ವೇಣೂಬಾಯಿ ಬೋರ್ಡಿನ ಕರಂಟಿನ ಪ್ಲಗ್ಗಿನ ನೆತ್ತಿಗೆ ಒಂದು ಬಟ್ಟು ಕುಂಕಮಾ ಹಚ್ಚಿದ್ರು, ರಾಯರು ಉಸರು ಹಿಡದು ಬಟನ್ ಒತ್ತಿದ್ರು.

ಬೋರ್ಡಿನ ಮ್ಯಾಲೆ ಒಂದು ಸಣ್ಣ ದೀಪಾ ಹತ್ತಿತು. ಲ್ಯಾಪ್‌ಟಾಪಿನ ಪಡದಾ ಮಾತ್ರ ಕರ್ರಗ, ಏನೂ ಇಲ್ಲ. ಒಂದು ಅಕ್ಷರ ಇಲ್ಲ, ಹೂಂ ಇಲ್ಲ, ಹಾಂ ಇಲ್ಲ.

"ಮಾಲು ಖರಾಬ ಅದ," ಅಂತ ರಾಯರು ತೀರ್ಪು ಕೊಟ್ರು.

"ಮಾಮಾ, ಟಿಎಕ್ಸ್ ಎಲ್ಲಿ ಹಚ್ಚೀರಿ?"

"ಟಿಎಕ್ಸಿಗೆ. ಮತ್ತೆಲ್ಲಿ ಹಚ್ಚಲಿ?"

"ಅಲ್ಲೇ ತಪ್ಪದ ಮಾಮಾ. ಟಿಎಕ್ಸ್ ಅಂದ್ರ ಬಾಯಿ, ಆರ್‌ಎಕ್ಸ್ ಅಂದ್ರ ಕಿವಿ. ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ ಹಚ್ಚಬೇಕು. ನೀವು ಬಾಯಿಗೆ ಬಾಯಿ ಹಚ್ಚೀರಿ. ಎರಡೂ ಮಾತಾಡಾಕತ್ತಾವ, ಕೇಳವರ ಇಲ್ಲ."

"ಅವರದೂ ತಪ್ಪಲ್ಲವಾ," ಅಂದ್ರು ವೇಣೂಬಾಯಿ. "ಈ ಮನ್ಯಾಗ ಅದ ರೂಢಿ ಅದ."

ಕರಂಟ್ ಬಂದ್ ಮಾಡಿ ವಾಯರ್ ಅದಲಿ ಬದಲಿ ಮಾಡಿ ಮತ್ತ ಬಟನ್ ಒತ್ತಿದ್ರು. ಈ ಸಲ ಪಡದಾ ತುಂಬ ಏನೋ ಹರದು ಬಂತು. ಸೊಟ್ಟ ಸೊಟ್ಟ ಚಿನ್ಹಿ, ಬಾಲ ಇದ್ದ ಅಕ್ಷರ, ತಲಿಕೆಳಗಾದ ಪ್ರಶ್ನಾರ್ಥಕ. ರಾಯರು ಚಾಳೀಸು ಮ್ಯಾಲೇರಿಸಿ ಗಂಭೀರ ಆಗಿ ನೋಡಿದ್ರು. ಹಳೇ ಜಮೀನಿನ ಕಾಗದಾ ನೋಡಿ ನೋಡಿ ಅವರಿಗೆ ಒಂದು ಅನುಮಾನ ಬಂತು.

"ಶ್ರೀಲೇಖಾ, ಇದು ಹಳೇ ಮರಾಠಿ ಮೋಡಿ ಅಕ್ಷರದಾಗ ಬರೀಲಿಕ್ಕತ್ತದ. ಚಿಂತಿ ಮಾಡಬ್ಯಾಡಾ, ನನಗ ಸ್ವಲ್ಪ ಸ್ವಲ್ಪ ಓದಾಕ ಬರ್ತದ. ‘ರಾಜಶ್ರೀ’ ಅಂತ ಇಲ್ಲೆ ಸ್ಪಷ್ಟ ಕಾಣಾಕತ್ತದ."

"ಮೋಡಿ ಅಲ್ಲ ಮಾಮಾ!" ಆ ಕಡೆ ಅಕಿ ನಕ್ಕು ನಕ್ಕು ಕೆಮ್ಮಿದ್ಲು. "ಸ್ಪೀಡ್ ತಪ್ಪದ. ಅದು ಓಡಿಕೋತ ಮಾತಾಡ್ತದ, ನಾವು ನಿಧಾನ ಕೇಳಾಕತ್ತೇವಿ. ಅಲ್ಲಿ ಮ್ಯಾಲೆ ಸ್ಪೀಡ್ ಅಂತದಲ್ಲ, ಅದನ್ನ ಎಲ್ಲಾಕಿಂತ ಕೆಳಗಿಂದಕ್ಕ ಬದಲಾಸ್ರಿ."

ಬದಲಾಸಿದ್ರು. ಅಬ್ಬಬ್ಬಾ! ಶುದ್ಧ ಇಂಗ್ಲಿಷ್ ಸಾಲು ಸರ ಸರ ಸರ ಅಂತ ಮ್ಯಾಲೆ ಏರಿದ್ವು. ಬೋರ್ಡು ಎದ್ದು ಕೂತು, ತನ್ನ ಕೈ ಕಾಲು ಎಲ್ಲಾ ನೆಟ್ಟಗ ಅದಾವೋ ಇಲ್ಲೋ ಅಂತ ಒಂದೊಂದ ಮುಟ್ಟಿ ನೋಡಕೋತ ಹೇಳೂ ಹಂಗಿತ್ತು. ರಾಯರ ಕಣ್ಣಾಗ ನೀರು ಬರೂದೊಂದ ಬಾಕಿ. ಅಷ್ಟರಾಗ ಸಾಲು ನಡುವ ನಿಂತು ಬಿಟ್ವು. ನೋಡಿದ್ರ ವಾಯರಿನ ತುದಿ ಸಡಲಾಗಿತ್ತು. ಬೆರಳಿಲೆ ಒತ್ತಿ ಹಿಡದ್ರ ಮಾತು, ಬಿಟ್ರ ಮೌನ. ಹಿಂಗಾಗಿ ರಾಯರು ಬಲಗೈಲೆ ಹಸರು, ಎಡಗೈಲೆ ಬಿಳೇದು ಒತ್ತಿ ಹಿಡದು, ಪೂಜಾಕ್ಕ ಕೂತವರ ಹಂಗ ಅಲ್ಲಾಡದ ಕೂಡಬೇಕಾತು. ಅಕ್ಷರ ಒತ್ತೂ ಕೆಲಸಾ ವೇಣೂಬಾಯಿ ಪಾಲಿಗೆ ಬಂತು. ಒಂದ ಬೆರಳಿಲೆ ಒತ್ತತಾರ, ಖರೆ. ಭಜನಿ ಮಂಡಳದ ವಾಟ್ಸಾಪಿನ್ಯಾಗ ಆ ಒಂದು ಬೆರಳಿಗೆ ಎಲ್ಲಾರೂ ಹೆದರತಾರ.

ಕಡೀಕ ಬೋರ್ಡು ‘ಲಾಗಿನ್’ ಅಂತ ಕೇಳಿ ನಿಂತಿತು. ಸೊಸಿ ಹೇಳಿದ ಒಂದು ಶಬ್ದ ವೇಣೂಬಾಯಿ ಒತ್ತಿದ್ರು. ಕೂಡಲೆ ಅದು ‘ಪಾಸ್‌ವರ್ಡ್’ ಅಂತು. ಅದ ಹೊತ್ತಿಗೆ ಅಕ್ಕಲಕೋಟದಾಗ ಆರತಿ ಸುರುವಾತು. ಹಾಡು, ತಾಟಿನ ಸಪ್ಪಳಾ, ಯಾರೋ ‘ಶ್ರೀಲೇಖಾ ಬಾ, ಫೋನ್ ಇಡು’ ಅಂತ ಒದರೂದು.

"ಪಾಸ್‌ವರ್ಡ್ ಏನವಾ?" ಅಂತ ವೇಣೂಬಾಯಿ ಕೂಗಿದ್ರು.

"ಮಾಮಾ… ಹೆಸರು, ಅತ್ತಿ! ಎಲ್ಲಾ ಸಣ್ಣ ಅಕ್ಷರ!" ಅಂತ ಕೇಳಿಸ್ತು. ಮುಂದ ಫೋನು ಕಟ್ ಆತು.

ರಾಯರು ಹಂಗ ಕೂತಲ್ಲೇ ಒಂದು ಗೇಣು ಬೆಳದ್ರು. ಮಾಮಾನ ಹೆಸರು! ದಿನಾ ‘ಆರಾಮ ಕೂಡ್ರಿ’ ಅನ್ನೂ ಹುಡುಗಿ, ಇಡೀ ಪುಣೆ ಕಂಪನಿ ಬೀಗಕ್ಕ ತನ್ನ ಹೆಸರಿನ ಕೀಲಿ ಮಾಡ್ಯಾಳ! ಬಾಯಿಲೆ ಅನ್ನಲಾರದ್ದನ್ನ ಒಳಗ ಬರದಿಟ್ಟಾಳ! ರಾಯರು ಪಾಟಿ ಕಡೆ ಗದ್ದಾ ಚಾಚಿದ್ರು. "ಒತ್ತು," ಅಂದ್ರು, "ನನ್ನ ಹೆಸರು ಒತ್ತು."

ವೇಣೂಬಾಯಿ ಬೆರಳು ಮ್ಯಾಲೆತ್ತಿ ನಿಂತ್ರು. "ನಾ ಒತ್ತಂಗಿಲ್ಲ."

"ಯಾಕ?"

"ಗಂಡನ ಹೆಸರು ಹಿಂಗ ಸುಮ್ಮ ಸುಮ್ಮನ ಹೇಳ್ತಾರೇನ್ರಿ? ಮದುವಿ ಆದಾಗಿಂದ ಇಲ್ಲೀತನಕಾ ನಾ ಹೇಳಿಲ್ಲ. ರೇಶನ್ ಅಂಗಡ್ಯಾಗ ಸುದ್ದಾ ಕೌಶಿಕನ ಕಡಿಂದ ಹೇಳಸೀನಿ."

"ಬಾಯಿಲೆ ಹೇಳಬ್ಯಾಡಾ, ಬೆರಳಿಲೆ ಒತ್ತು!"

"ಬೆರಳೇನು ಬ್ಯಾರೆಯವರದೇನು?"

"ಲೇ, ಅಲ್ಲಿ ಹುಡುಗಿ ಕೆಲಸಾ ಹೋಗೂ ಹೊತ್ತು ಬಂದದ! ನನ್ನ ಎರಡೂ ಕೈ ಸಿಕ್ಕಾವ! ಮಧ್ಯಾಹ್ನ ಆಗಾಕ ಬಂತು!"

ವೇಣೂಬಾಯಿ ಗಡಿಯಾರದ ಕಡೆ ನೋಡಿದ್ರು. ಸೊಸಿ ಮಾರಿ ನೆನಪಾಗಿ ಮನಸು ಕರಗಿತು. ಖರೆ, ಹೆಸರು ಹೇಳೂದ ಆದ್ರ ಪದ್ಧತಿ ಪ್ರಕಾರ ಪ್ರಾಸ ಹಚ್ಚಿ ಒಡಪು ಹಾಕಿನ ಹೇಳಬೇಕು. ಹೊಸಾ ಮದುವಣಗಿತ್ತಿನ್ನ ನಾದಿನೇರು ಹೊಸಲಿಗೆ ಅಡ್ಡ ನಿಂತು ಕೇಳ್ತಾರಲ್ಲ, ಹಂಗ ಈ ಪಾಟಿನೂ ಬಾಗಲದಾಗ ನಿಂದಿರಿಸಿ ಕೇಳಾಕತ್ತದ ಅಂತ ಅವರು ತಿಳಕೊಂಡ್ರು. ಸೆರಗು ಹೊದ್ದು, ಬೋರ್ಡಿಗೆ ಮಾರಿ ಮಾಡಿ, ರಾಗಾ ಎಳದು ಅಂದ್ರು:

"ಮೂರು ವಾಯರ್ ಮುಂದ, ಮೂಗಿನ ತುದಿಗೆ ಚಾಳೀಸು,
ಪಂಢರಿನಾಥರಾಯರ ಹೆಸರಿಗಾದ್ರೂ ಬಾಗಲಾ ತಗದು ಒಳಗ ಕೂಡಿಸು!"

ರಾಯರ ಕಿವಿ ಕೆಂಪಾದ್ವು. ತಮ್ಮ ಹೆಸರು ಆ ಬಾಯಿಲೆ ಅಷ್ಟು ಚಂದ ಕೇಳಸ್ತದ ಅಂತ ಅವರಿಗೆ ಗೊತ್ತಿದ್ದಿಲ್ಲ. "ಇನ್ನೊಮ್ಮೆ ಅನ್ನು," ಅಂತ ಅನ್ನಾಕ ಹೋಗಿ ಹೊತ್ತು ಅಲ್ಲ ಅಂತ ಸುಮ್ಮನಾದ್ರು.

ವೇಣೂಬಾಯಿ ಒಂದೊಂದ ಅಕ್ಷರ ಒತ್ತಿದ್ರು. ಪಡದಾ ಮ್ಯಾಲೆ ಏನೂ ಮೂಡಲಿಲ್ಲ. ಚುಕ್ಕಿ ಇಲ್ಲ, ಗೆರಿ ಇಲ್ಲ. ಪಾಸ್‌ವರ್ಡ್ ಅನ್ನೂದು ಒತ್ತಿದ್ರ ಕಾಣಂಗೇ ಇಲ್ಲ ಅನ್ನೂದು ಇಬ್ಬರಿಗೂ ಗೊತ್ತಿದ್ದಿಲ್ಲ. ವೇಣೂಬಾಯಿಗೆ ಮಾತ್ರ ಸಮಾಧಾನ ಆತು. "ನೋಡ್ರಿ, ಎಷ್ಟು ಶಾಣ್ಯಾ ಪಾಟಿ. ಗಂಡನ ಹೆಸರು ಮಂದಿಗೆ ತೋರಸಬಾರದು ಅಂತ ಇದಕ್ಕೂ ತಿಳೀತದ."

ಎಂಟರ್ ಒತ್ತಿದ್ರು. ‘ಲಾಗಿನ್ ಇನ್‌ಕರೆಕ್ಟ್’ ಅಂತ ಬಂತು.

"ಒತ್ತೂದ್ರಾಗ ತಪ್ಪಿರಬೇಕು," ಅಂದ್ರು ರಾಯರು. ಮತ್ತ ಒತ್ತಿದ್ರು. ಮತ್ತ ಇನ್‌ಕರೆಕ್ಟ್. "‘ಢ’ಕ್ಕ ಎಚ್ ಹಾಕಿದೇನು? ಪೆನ್ಶನ್ ಕಾಗದದಾಗ ಎಚ್ ಇಲ್ಲ, ಅದನ್ನ ತಗದು ನೋಡು." ತಗದ್ರು. ಇನ್‌ಕರೆಕ್ಟ್. ಕಡೀಗೆ ‘ರಾವ’ ಹಚ್ಚಿದ್ರು, ಮೊದಲಿಗೆ ‘ಶ್ರೀ’ ಹಚ್ಚಿದ್ರು, ಅಡ್ಡಹೆಸರು ಹಚ್ಚಿದ್ರು. ಊಹೂಂ. ಪಾಟಿ ಒಂದ ಮಾತು ಹಿಡಕೊಂಡು ಕೂತಿತ್ತು: ನೀವಲ್ಲ, ನೀವಲ್ಲ, ನೀವಲ್ಲ.

"ಒಡಪು ದಂಡ ಆತು," ಅಂದ್ರು ವೇಣೂಬಾಯಿ. ರಾಯರ ಬೆರಳು ಜೋಮು ಹಿಡದಿದ್ವು, ಹಣಿ ಮ್ಯಾಲೆ ಬೆವರು, ಒರಸಾಕ ಕೈ ಇಲ್ಲ. ಸೊಸಿ ತನ್ನನ್ನ ನಂಬಿ ಆರತಿ ಹಿಡದು ನಿಂತಾಳ, ಇಲ್ಲಿ ತನ್ನ ಹೆಸರ ಅಕಿ ಕೆಲಸಾ ಕೆಡಸಾಕತ್ತದ ಅಂತ ಅವರಿಗೆ ಖರೇನ ಅಳು ಬಂದ್ಹಂಗ ಆತು. ವೇಣೂಬಾಯಿ ಸೆರಗಿಲೆ ಅವರ ಹಣಿ ಒರಸಿದ್ರು.

ಅಷ್ಟರಾಗ ಫೋನು ಬಂತು. "ಆತೇನ್ರಿ ಅತ್ತಿ?"

"ಎಲ್ಲಿ ಆಗ್ತದವಾ! ನಿಮ್ಮ ಮಾಮಾರ ಹೆಸರು ಎಲ್ಲಾ ನಮೂನಿಲೆ ಒತ್ತಿ ನೋಡಿದೆ. ಒಳಗ ಬಿಡವಲ್ದು."

"ಅಯ್ಯಯ್ಯ! ಈ ಮಾಮಾ ಅಲ್ಲರೀ ಅತ್ತಿ! ಗುಂಡೂಮಾಮಾ! ನಮ್ಮ ಅವ್ವನ ತಮ್ಮ! ನನಗ ಕಂಪ್ಯೂಟರ್ ಮೊದಲ ಕೊಡಿಸಿದ್ದು ಅವನ ಅಲ್ಲ? ಕಾಲೇಜಿನಿಂದ ನಂದು ಅದ ಪಾಸ್‌ವರ್ಡ್. ‘ಗುಂಡೂಮಾಮಾನ ಹೆಸರು’ ಅಂತನ ನಾ ಅಂದದ್ದು!"

ಗುಂಡೂಮಾಮಾ! ಕೌಶಿಕನ ಮದುವ್ಯಾಗ ಬೀಗರಿಗಂತ ತಂದಿದ್ದ ಕೇಸರಿ ಫೇಟಾ ತನ್ನ ತಲಿಗೆ ಸುತ್ತಿಸಿಕೊಂಡು, ಫೋಟೋದಾಗ ರಾಯರ ಮುಂದ ಅಡ್ಡ ನಿಂತಾವ! ರಾಯರು ಮೂರು ವಾಯರಿನ ಮುಂದ ತಣ್ಣಗ ಕೂತ್ರು. ವೇಣೂಬಾಯಿಗೆ ಮಾತ್ರ ಏನೂ ಅಡಚಣಿ ಆಗಲಿಲ್ಲ. ಬ್ಯಾರೆಯವರ ಗಂಡನ ಹೆಸರಿಗೆ ಒಡಪು ಬೇಕಾಗಂಗಿಲ್ಲ. ಟಕ ಟಕ ಒತ್ತಿದ್ರು, ಬಾಗಲಾ ಪಟ್ಟನ ತಗೀತು. ಸೊಸಿ ಹೇಳಿದ ಇನ್ನೊಂದು ಸಾಲು ಒತ್ತಿದ ಮ್ಯಾಲೆ ಪುಣೆ ಸಾಹೇಬ್ರು ಅಲ್ಲಿಂದ ಒಳಗ ಹೊಕ್ಕು, ಎಲ್ಲಾ ನೋಡಿ, ‘ಫಸ್ಟ್ ಕ್ಲಾಸ್’ ಅಂತ ಅಕಿಗೆ ತಿಳಿಸಿದ್ರು. ಹುಡುಗಿ ಕೆಲಸಾ ಉಳೀತು. ಆ ಕಡೆ ಅಕಿ ಕುಣಿಯೂದು ಫೋನಿನ್ಯಾಗ ಕೇಳಸಾಕತ್ತಿತ್ತು.

"ಮಾಮಾ, ನೀವು ಇದ್ದದ್ದಕ್ಕ ಆತು! ಮಾಮಾ? ಹಲೋ?"

ರಾಯರು ‘ಹೂಂ’ ಅಂದ್ರು. ಬರೇ ‘ಹೂಂ’. ವೇಣೂಬಾಯಿ ಫೋನು ಹತ್ರ ತಗೊಂಡು ಮೆಲ್ಲಗ ಅಂದ್ರು: "ಅವರ ಹೆಸರು ಅಂತ ಭಾಳ ಖುಷಿ ಆಗಿದ್ರವಾ."

ಶ್ರೀಲೇಖಾ ಶಾಣ್ಯಾ ಹುಡುಗಿ, ಎಲ್ಲಾ ತಿಳಕೊಂಡ್ಲು. "ಹ್ಯಾಂಗೂ ಪಾಸ್‌ವರ್ಡ್ ಬದಲಾಸಬೇಕಂತ ಸಾಹೇಬ್ರು ಹೇಳ್ಯಾರ. ಈಗ ನಿಮ್ಮ ಹೆಸರ ಇಡೂದು, ಮಾಮಾ. ಇನ್ನ ಮುಂದ ಪುಣೆದವರೂ ನಿಮ್ಮ ಹೆಸರು ಹೇಳೇ ಒಳಗ ಹೋಗಬೇಕು."

ರಾಯರು ಮತ್ತ ಬೆಳದ್ರು. ವೇಣೂಬಾಯಿ ಹೊಸಾ ಪಾಸ್‌ವರ್ಡ್ ಅಂತ ಅವರ ಹೆಸರು ಒತ್ತಿದ್ರು. ಪಾಟಿ ಒಂದು ಸಾಲು ಉತ್ತರಾ ಕೊಟ್ಟಿತು.

"ಏನಂತ ಬರದದ, ಓದಿ ಹೇಳ್ರಿ," ಅಂದ್ರು ವೇಣೂಬಾಯಿ.

ರಾಯರು ಓದಿದ್ರು. ಮನಸಿನ್ಯಾಗ ಓದಿದ್ರು. "ಅದು… ಏನಿಲ್ಲ, ಯಂತ್ರ ಸುಸ್ತಾಗ್ಯದಂತ."

"‘ವೀಕ್’ ಅಂತ ಬಂತೇನ್ರಿ ಮಾಮಾ?" ಅಂದ್ಲು ಶ್ರೀಲೇಖಾ. "ಭಾಳ ಸಾದಾ ಹೆಸರಿದ್ರ ‘ಟೂ ವೀಕ್’ ಅಂತ ಅಂತದ ಅದು."

ಅಕ್ಕಲಕೋಟದ ಫೋನೂ ಸ್ಪೀಕರಿನ್ಯಾಗ ಇತ್ತು ಅಂತ ಆವಾಗ ಗೊತ್ತಾತು. ಇಡೀ ಕುಬಸದ ಹೆಣ್ಣಮಕ್ಕಳು ಗೊಳ್ಳನ ನಕ್ರು. ಹಿಂದಿಂದ ಒಂದು ದಪ್ಪ ಗಂಡು ದನಿ ಬಂತು: "ಬೀಗರ, ಬೇಕಾದ್ರ ನನ್ನ ಹೆಸರು ಅಲ್ಲೇ ಇರಲಿ ಬಿಡ್ರಿ, ನಂದೇನೂ ತಕರಾರಿಲ್ಲ!"

"ಬ್ಯಾಡಾ!" ಅಂತ ರಾಯರು ಗುಡುಗಿದ್ರು. "ಶ್ರೀಲೇಖಾ, ಗಟ್ಟಿ ಆಗಬೇಕಂದ್ರ ಏನು ಮಾಡಬೇಕು?"

"ಉದ್ದ ಮಾಡಬೇಕು ಮಾಮಾ. ಇನ್ನೊಂದು ಹೆಸರು ಜೋಡಸ್ರಿ."

ರಾಯರು ಹೆಂಡತಿ ಕಡೆ ನೋಡಿದ್ರು. ಅವರೂ ಏನು ಕಡಿಮಿ ಇಲ್ಲ, ಮದುವಿ ಆದಾಗಿಂದ ‘ಏ’, ‘ಇಕಿನ’, ‘ಕೇಳಿಸ್ತೇನು’ ಇಷ್ಟರ ಮ್ಯಾಲೆ ಸಂಸಾರ ನಡಿಸಿದವರು. ಆದ್ರ ಆ ಹೊತ್ತಿನ್ಯಾಗ ಮನಸು ಮೆತ್ತಗಾಗಿತ್ತು, ಒಡಪಿನ ಗುಂಗೂ ಇಳದಿದ್ದಿಲ್ಲ. "ನನ್ನ ಹೆಸರಿನ ಮುಂದ… ನಿಂದು ಹಚ್ಚು," ಅಂದ್ರು. ವೇಣೂಬಾಯಿ ಸಣ್ಣಗ ನಕ್ಕು, ಪಡದಾ ಕಡೆ ಮಾರಿ ತಿರಗಿಸಿ, ಬಗ್ಗಿ ಒತ್ತಿದ್ರು. ಇನ್ನೊಮ್ಮೆ ಒತ್ತು ಅಂತು, ಇನ್ನೊಮ್ಮೆ ಒತ್ತಿದ್ರು. ಈ ಸಲ ಪಾಟಿ ಕಿಟಿಕಿಟಿ ಮಾಡದ ಒಪ್ಪಿಕೊಂಡಿತು.

ಸಂಜಿಗೆ ಶ್ರೀಲೇಖಾ ಕರ್ಚಿಕಾಯಿ ಡಬ್ಬಿ ಹಿಡಕೊಂಡು ಬಂದ್ಲು. ಬಂದಾಕಿ ಮೊದಲ ರಾಯರ ಕಾಲಿಗೆ ನಮಸ್ಕಾರ ಮಾಡಿದ್ಲು, ಆಮ್ಯಾಲೆ ಸಡಲಾದ ವಾಯರ್ ಬಿಗಿ ಮಾಡಿ ಬೋರ್ಡಿನ ಮುಂದ ಕೂತ್ಲು. ರಾಯರು ಅಕಿ ಹಿಂದ ಕೈ ಕಟಗೊಂಡು ನಿಂತು ಅಪ್ಪಣಿ ಕೊಟ್ರು: "ಮೊದಲ ನಂದು, ಅದರ ಮುಂದ ನಿಮ್ಮ ಅತ್ತಿದು."

ಅಕಿ ಒತ್ತಿದ್ಲು. ‘ಲಾಗಿನ್ ಇನ್‌ಕರೆಕ್ಟ್.’

ಇಬ್ಬರು ಪಡದಾಕ್ಕ ಮಾರಿ ಹಚ್ಚಿ ಮತ್ತೊಮ್ಮೆ ಓದಿದ್ರು. ಮೂವರಾಗ ಒಬ್ಬರು ಮಾತ್ರ ಕರ್ಚಿಕಾಯಿ ಡಬ್ಬಿ ಮುಚ್ಚಳಾ ಭಾಳ ಲಕ್ಷ್ಯ ಕೊಟ್ಟು ತಗೀತಿದ್ರು.

"ಅತ್ತಿ," ಅಂದ್ಲು ಶ್ರೀಲೇಖಾ, "ನೀವು ಏನು ಒತ್ತೀರಿ?"

"ಅಷ್ಟು ಮಂದಿ ಫೋನಿನ್ಯಾಗ ಕೇಳಿದ ಹೆಸರು ಗುಪ್ತ ಹ್ಯಾಂಗ ಆಗ್ತದವಾ? ಅದಕ್ಕ ಬ್ಯಾರೆ ಒತ್ತಿದೆ."

"ಅದು ಬರೋಬ್ಬರಿ ಅದ. ಖರೆ, ಏನು ಒತ್ತೀರಿ?"

"ನನ್ನ ಹೆಸರು. ಎರಡು ಸಲ."

"ಮತ್ತ ನಂದು?" ಅಂತ ರಾಯರು ಕೇಳಿದ್ರು. ದನಿ ಇದ್ದಕ್ಕಿದ್ದಂಗ ಸಣ್ಣದಾಗಿತ್ತು.

"ವೀಕ್ ಅಂತಲ್ಲರೀ," ಅಂದ್ರು ವೇಣೂಬಾಯಿ. "ತಗದೆ."

ಶ್ರೀಲೇಖಾ ಬಾಯಿಗೆ ಪದರು ಒತ್ತಿಕೊಂಡು ಬಚ್ಚಲ ಮನಿ ಕಡೆ ಓಡಿದ್ಲು. ರಾಯರಿಗೆ ಸಿಟ್ಟು ಬರಬೇಕಿತ್ತು, ಬಾಯಿ ತಗದೂ ತಗದ್ರು. ವೇಣೂಬಾಯಿ ಅದರಾಗ ಒಂದು ಕರ್ಚಿಕಾಯಿ ಇಟ್ರು.

ಮರದಿನಾ ಮುಂಜಾನೆ ಶ್ರೀಲೇಖಾ ಸ್ನಾನಕ್ಕ ಹೋದಾಗ ಅಕಿ ಫೋನು ಬಡಕೊಂಡಿತು, ರಾಯರು ಎತ್ತಿದ್ರು. ಪುಣೆ ಸಾಹೇಬ್ರು. ಬೋರ್ಡಿನೊಳಗ ಹೋಗಾಕ ಬರವಲ್ದು, ಹೊಸಾ ಪಾಸ್‌ವರ್ಡ್ ಏನದ, ನಿಮಗ ಗೊತ್ತದೇನ್ರಿ ಅಂತ ಅವರು ಪಂಢರಿನಾಥರಾಯರನ್ನ ಕೇಳಿದ್ರು. ಕಡೀಕೂ ಒಬ್ಬರು ಅವರನ್ನ ಏನರೆ ಕೇಳಿದ್ರು! ರಾಯರು ಎದ್ದು ನಿಂತು, ಗಂಟಲು ಸರಿ ಮಾಡಕೊಂಡು ಅಂದ್ರು: "ವೇಣೂಬಾಯಿ, ವೇಣೂಬಾಯಿ." ಕೇಳಸಲಿಲ್ಲ, ಸ್ವಲ್ಪ ಜೋರ ಹೇಳ್ರಿ ಅಂದ್ರು ಸಾಹೇಬ್ರು. ರಾಯರು ಕಿಡಕಿಗೆ ಹೋಗಿ ಓಣಿಗೆಲ್ಲಾ ಕೇಳಸೂ ಹಂಗ ಕೂಗಿದ್ರು:

"ವೇಣೂಬಾಯಿ! ವೇಣೂಬಾಯಿ!"

"ಬಂದೆ, ಬಂದೆ!" ಅಂತ ಅಡಗಿ ಮನಿಂದ ದನಿ ಬಂತು. "ಒಮ್ಮೆ ಅಂದ್ರೂ ಕೇಳಸ್ತದರೀ, ನಾನೇನು ಪಾಟಿನೇನು?"